ಮುಚ್ಚಳದ ಒಳಗಿನ ಜಿಡ್ಡು

ಆ ಭಾನುವಾರ ಬೆಳಗ್ಗೆ ಮಾರುತೇಶ ಚಳ್ಳಕೆರೆಯ ತನ್ನ ಬಾಡಿಗೆ ಮನೆಯ ತಾರಸಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕಬ್ಬಿಣದ ಜಾಲರಿಯೊಂದನ್ನು ಉಜ್ಜುತ್ತಿದ್ದ ರಭಸಕ್ಕೆ, ಇನ್ನೊಂದು ತಾಸು ಬಿಟ್ಟಿದ್ದರೆ ಅದರ ಕಂಬಿಗಳು ಸವೆದು ಹೊಲಿಗೆ ಸೂಜಿಗಳಾಗಿ, ಆಮೇಲೆ ಸೂಜಿಗಳೂ ಸವೆದು ಬರೀ ತೂತುಗಳು ಉಳಿಯುತ್ತಿದ್ದವು. ತಂತಿ ಬ್ರಷ್ಷಿನ ಹಲ್ಲು ಅರ್ಧ ಉದುರಿದ್ದವು. ತೆಂಗಿನ ನಾರು ಮುಗಿದಿತ್ತು, ಬೂದಿ ಮುಗಿದಿತ್ತು, ಹುಣಿಸೆಹಣ್ಣು ಮುಗಿದಿತ್ತು, ಹೆಂಡತಿ ಸುನಿತಾ ಬಟ್ಟೆಗೆಂದು ಇಟ್ಟುಕೊಂಡಿದ್ದ ಸೋಪಿನ ಪುಡಿಯೂ ಮುಗಿದಿತ್ತು. ಮುಗಿಯದೆ ಉಳಿದದ್ದು ವಾಸನೆ ಒಂದೇ. ಅದು ಜಾಲರಿಯಲ್ಲಿದೆಯೋ ತನ್ನ ಮೂಗಿನೊಳಗೇ ಮನೆ ಮಾಡಿಕೊಂಡಿದೆಯೋ ತಿಳಿಯದೆ ಅವನು ಸುನಿತಾಳನ್ನು ಮೇಲಕ್ಕೆ ಕರೆದು ಜಾಲರಿಯನ್ನು ಅವಳ ಮುಖಕ್ಕೆ ಹಿಡಿದ.

"ಏನು ವಾಸನೆ ಬರ್ತೈತೆ ನೋಡು."

"ಸೋಪಿಂದು."

"ಅದರ ಹಿಂದೆ?"

"ಅದರ ಹಿಂದೆ ನಿಮ್ದು. ಹೋಗಿ ಸ್ನಾನ ಮಾಡ್ರಿ, ಅತ್ತೆ ಬರೋ ಹೊತ್ತಾತು."

ವಾಸನೆ ಕೋಳಿಯದು. ಮಾರುತೇಶ ಹುಟ್ಟಿದ್ದು ಗೌರಸಮುದ್ರದ ಕಡೆಯ ಮ್ಯಾಸಬೇಡರ ಹಟ್ಟಿಯೊಂದರಲ್ಲಿ. ಅಲ್ಲಿ ಕೋಳಿ ಸಾಕುವವರಿಲ್ಲ, ತಿನ್ನುವವರಿಲ್ಲ. ಕುರಿಯ ಬಾಡು ಎಷ್ಟಾದರೂ ಆಗಬಹುದು, ಕೋಳಿ ಮಾತ್ರ ಹೊಸಿಲು ದಾಟಕೂಡದು. ಆ ಹಟ್ಟಿಯಲ್ಲಿ ಸೂರ್ಯ ಕೋಳಿಯ ಕೂಗಿಗೆ ಕಾಯದೆ ತಾನಾಗೇ ಎದ್ದು ಬರುವುದನ್ನು ಕಲಿತಿದ್ದ. ಅವನವ್ವ ಪಾಲಮ್ಮನಂತೂ ಒಮ್ಮೆ ಬಸ್ಸಿನಲ್ಲಿ ಯಾರದೋ ಬುಟ್ಟಿಯಿಂದ ಪುಕ್ಕವೊಂದು ಹಾರಿ ಸೆರಗಿಗೆ ಅಂಟಿತೆಂದು ತಳಕಿನ ಹತ್ತಿರ ಇಳಿದು ಉಳಿದ ದಾರಿಯನ್ನೆಲ್ಲ ಉರಿಬಿಸಿಲಿನಲ್ಲಿ ನಡೆದೇ ಮುಗಿಸಿ, ಆ ಸೀರೆಯನ್ನು ಒಗೆದು, ಒಗೆದರೂ ಉಡದೆ, ಹೊಲದ ಬೆದರುಬೊಂಬೆಗೆ ಉಡಿಸಿಬಂದವಳು. ಇವತ್ತು ಆ ಪಾಲಮ್ಮ ಈ ಜಾಲರಿಯ ಮೇಲೆ ಸುಟ್ಟ ಬಾಡು ತಿನ್ನಲು ಬರುತ್ತಿದ್ದಳು. ಒಂದು ವರ್ಷ ಬಾಡು ಮುಟ್ಟದೆ ಹರಕೆ ಹೊತ್ತವಳು, ಹರಕೆ ಬಿಡುವ ಮೊದಲ ತುತ್ತನ್ನು ಮಗನ ಕೈಯಿಂದ, ಮಗನ ಜರ್ಮನಿ ಒಲೆಯಿಂದಲೇ ತಿನ್ನುತ್ತೇನೆ ಎಂದು ಹಟ್ಟಿಗೆಲ್ಲ ಸಾರಿ ಹೊರಟಿದ್ದಳು. ಆ ಜರ್ಮನಿ ಒಲೆಯ ಮೇಲೆ ಹೋದ ತಿಂಗಳು ಕೋಳಿ ಸುಟ್ಟದ್ದು ಅವಳಿಗೆ ಗೊತ್ತಿಲ್ಲ, ಸುನಿತಾಳಿಗೆ ಗೊತ್ತಿಲ್ಲ. ಗೊತ್ತಿರುವುದು ಮಾರುತೇಶನಿಗೆ, ಕೆಳಗಿನ ಮನೆಯ ಕೆಂಚಣ್ಣನಿಗೆ, ಅವನ ಜೊತೆ ಬಂದಿದ್ದ ಇಬ್ಬರಿಗೆ, ಮತ್ತು ಈ ಕಂಬಿಗಳಿಗೆ.

ಒಲೆ ಎಂದರೆ ಅದು ಅಂತಿಂಥ ಒಲೆಯಲ್ಲ. ಮೂರು ಕಾಲು, ಎರಡು ಗಾಲಿ, ಹೊಟ್ಟೆ ತುಂಬಿದ ಎಮ್ಮೆಗರುವಿನಂತೆ ದುಂಡಗೆ ಕಪ್ಪಗೆ ಹೊಳೆಯುವ ಮೈ, ಮೇಲೆ ಕೀಲಿಗೆ ಸಿಕ್ಕಿಸಿದ, ಅರ್ಧ ಎತ್ತಿದರೆ ಹಾಗೇ ನಿಲ್ಲುವ ಗುಮ್ಮಟದಂಥ ಮುಚ್ಚಳ, ಮುಚ್ಚಳದ ನೆತ್ತಿಯಲ್ಲಿ ತಿರುಗಿಸಿದರೆ ತೆರೆಯುವ ಮುಚ್ಚುವ ಗಾಳಿಕಿಂಡಿ, ಬಿಸಿ ತೋರಿಸುವ ಮುಳ್ಳು. ದಾವಣಗೆರೆಯಿಂದ ಬಳ್ಳಾರಿಯವರೆಗೆ ಇಂಥದು ಇನ್ನೊಂದಿಲ್ಲ ಎಂದು ಅವನು ಹೇಳುತ್ತಿದ್ದ. ಕೇಳುವವರು ಹೆಚ್ಚಿದ್ದರೆ ಪುಣೆಯವರೆಗೂ ಎಳೆಯುತ್ತಿದ್ದ. ಗುಡ್ಡದ ಮೇಲಿನ ಗಾಳಿಯಂತ್ರದ ಕಂಪನಿಯಲ್ಲಿ ಅವನು ಸ್ಟೋರ್‌ಕೀಪರ್. ಯಂತ್ರ ಕೂರಿಸಲು ಬಂದಿದ್ದ ಜರ್ಮನಿಯ ಎಂಜಿನಿಯರ್ ಊರಿಗೆ ಹೊರಟಾಗ ಕಣ್ಣೀರು ಹಾಕಿ, ಮಾರುತೇಶನನ್ನು ತಬ್ಬಿ, "ಇದನ್ನ ನೋಡ್ಕೊಳ್ಳೋ ಯೋಗ್ಯತೆ ನಿನಗೊಬ್ಬನಿಗೇ ಇರೋದು" ಎಂದು ಒಪ್ಪಿಸಿಹೋದನಂತೆ. ನಿಜವಾಗಿ ಅದು ಗೆಸ್ಟ್‌ಹೌಸಿನ ಹಿಂದೆ ಗುಜರಿಯ ನಡುವೆ ಬಿದ್ದಿತ್ತು, ಒಳಗೆ ಹಲ್ಲಿ ಮೊಟ್ಟೆಯಿಟ್ಟಿತ್ತು, ವಾಚ್‌ಮನ್ನು "ತಗಂಡೋಗ್ರಿ ಸಾರ್, ಜಾಗ ಆದ್ರೂ ಆಗ್ತೈತೆ" ಅಂದಿದ್ದ. ತಂದ ಮೇಲೆ ಮಾರುತೇಶ ಅದನ್ನು ಸಾಕಿದ ಸಾಕಣೆ ಮಾತ್ರ ಸುಳ್ಳಲ್ಲ. ಸುಟ್ಟ ಮೇಲೆ ಬಿಸಿಯಿರುವಾಗಲೇ ಜಾಲರಿ ಕೆರೆಯಬೇಕು. ಅರ್ಧ ಹೋಳು ಈರುಳ್ಳಿಯಿಂದ ಒರೆಸಬೇಕು. ಆರಿದ ಮೇಲೆ ಗಾಣದ ಕಡಲೆಕಾಯಿ ಎಣ್ಣೆ ತೆಳ್ಳಗೆ ಸವರಿಡಬೇಕು. ನೀರು ಸೋಕಿಸಬಾರದು, ಸೋಪು ಕಂಡರೆ ಕಬ್ಬಿಣ ಕಣ್ಣೀರಿಡುತ್ತದೆ. ಇದನ್ನೆಲ್ಲ ಅವನು ಹಾಲಿನವನಿಗೆ, ಇಸ್ತ್ರಿಯವನಿಗೆ, ಸಿಲಿಂಡರ್ ತಂದವನಿಗೆ, ನಿಲ್ಲಿಸಿಕೊಂಡು ಹೇಳುತ್ತಿದ್ದ. ಇವತ್ತು ಅದೇ ಕೈಯಿಂದ ಅದೇ ಕಬ್ಬಿಣಕ್ಕೆ ಸೋಪು ಹಾಕಿ ಉಜ್ಜುತ್ತ, ತಾನೇ ಸಾಕಿದ ಮೈಮೇಲಿನ ಎಣ್ಣೆಯ ಪದರ ಬೂದುನೀರಾಗಿ ತಾರಸಿಯ ತೂಬಿಗೆ ಹರಿದುಹೋಗುವುದನ್ನು ನೋಡುತ್ತಿದ್ದ. ಇಷ್ಟು ಕಾಳಜಿ ಮಾಡಿದವನಿಗೆ ಒಲೆ ಕೊಟ್ಟ ಪ್ರತಿಫಲವೆಂದರೆ ಒಂದು ಸಲವೂ ನೆಟ್ಟಗೆ ಹೊತ್ತಿಕೊಳ್ಳದಿರುವುದು. ಇದ್ದಿಲು ಸುರಿದು ಸೀಮೆಎಣ್ಣೆ ಚಿಮುಕಿಸಿ ಬೀಸಣಿಗೆಯಿಂದ ಬೀಸಿ ಬೀಸಿ ಭುಜ ಕಳಚಿ ಕೈಗೆ ಬಂದರೂ, ಹೊಗೆ ಬಿಟ್ಟರೆ ಬೇರೇನೂ ಕೊಡದ ಮೊಂಡು. ಬೀದಿಯವರು ಸೊಳ್ಳೆ ಕಾಟ ಕಡಿಮೆಯಾಯಿತು ಎನ್ನುತ್ತಿದ್ದರು.

ಹೊತ್ತಿಕೊಂಡಿದ್ದು ಕೋಳಿ ಸುಟ್ಟ ಅದೊಂದೇ ದಿನ. ಸುನಿತಾ ತವರಿಗೆಂದು ಬಿ.ಜಿ. ಕೆರೆಗೆ ಹೋಗಿದ್ದಳು. ಕೆಂಚಣ್ಣ ಕಂಪನಿಯ ಇಬ್ಬರನ್ನು ಕಟ್ಟಿಕೊಂಡು ಪ್ಲಾಸ್ಟಿಕ್ ಕವರು ತೂಗಾಡಿಸುತ್ತ ಮೆಟ್ಟಿಲು ಹತ್ತಿ ಬಂದಿದ್ದ. ಕವರಿನೊಳಗೇನಿದೆ ಎಂಬುದು ಮಾರುತೇಶನ ಮೂಗಿಗಿಂತ ಮೊದಲು ಹೊಟ್ಟೆಗೆ ತಿಳಿದಿತ್ತು. "ನಮ್ಮನೇಲಿ ಅದು ಆಗಲ್ಲ ಕಣಣ್ಣ" ಎಂದದ್ದು ನಿಜ. ಆದರೆ ಎಷ್ಟು ಮೆಲ್ಲಗೆಂದರೆ ಪಕ್ಕದಲ್ಲಿದ್ದ ಇರುವೆಗೂ ಕೇಳಿಸಿರಲಾರದು. "ಹಂಗಾದ್ರೆ ಇದೇನು ಲೇ, ಜರ್ಮನಿಯಿಂದ ತರಿಸ್ಕೊಂಡಿದ್ದು ಮುಸುಕಿನ ಜೋಳ ಸುಡಾಕಾ? ಆ ಬಿಳಿಯ ಇದರ ಮ್ಯಾಲೆ ಏನು ತಿಂತಿದ್ದ ಅನ್ಕಂಡೀಯ, ರಾಗಿಮುದ್ದೇನಾ?" ಎಂದು ಕೆಂಚಣ್ಣ ಅಂದಾಗ ಉಳಿದಿಬ್ಬರು ನಕ್ಕರು. ಆ ನಗು. ಮನುಷ್ಯ ಹಸಿವು ತಡೆದಾನು, ಬಾಯಾರಿಕೆ ತಡೆದಾನು, ಇಬ್ಬರು ಸಹೋದ್ಯೋಗಿಗಳು ಒಬ್ಬರನ್ನೊಬ್ಬರು ನೋಡಿಕೊಂಡು ನಗುವುದನ್ನು ಹೇಗೆ ತಡೆದಾನು? ಕವರು ಕಿತ್ತುಕೊಂಡ, ಮಸಾಲೆ ಸವರಿದ, ಸುಟ್ಟ. ಅವತ್ತು ಕೆಂಡ ಮಲ್ಲಿಗೆ ಹೂವಿನಂತೆ ಅರಳಿತು. ಉಪ್ಪು ನೋಡಲೆಂದು ಒಂದು ಚೂರು ಬಾಯಿಗಿಟ್ಟ. ಖಾರ ನೋಡಲೆಂದು ಇನ್ನೊಂದು. ಬೆಂದಿದೆಯೋ ನೋಡಲೆಂದು ಒಂದು ಇಡೀ ರೆಕ್ಕೆ. ರಾತ್ರಿಯಿಡೀ ನಾಲಿಗೆಯನ್ನು ಹಲ್ಲಿಗೆ ಉಜ್ಜುತ್ತ ಮಲಗಿದ್ದ. ಅಜ್ಜನ ಕಾಲದಲ್ಲಿ ಹೀಗೆ ತಿಂದುಬಂದವರ ನಾಲಿಗೆಗೆ ಕಾಯಿಸಿದ ಬಂಗಾರ ಮುಟ್ಟಿಸಿ ಮತ್ತೆ ಹಟ್ಟಿಯೊಳಕ್ಕೆ ಕರೆಯುತ್ತಿದ್ದರಂತೆ ಎಂದು ಅವ್ವ ಹೇಳಿದ್ದಳು. ಅವನಿಗೆ ಭಯವಾದದ್ದು ಬಂಗಾರದ ಬಿಸಿಗಲ್ಲ, ರುಚಿಯಾಗಿತ್ತು ಎಂಬುದಕ್ಕೆ.

ಹರಕೆಯಾದರೂ ಯಾತಕ್ಕೆ? ಅದನ್ನು ನೆನೆದರೆ ಉಜ್ಜುವ ಕೈ ಇನ್ನೂ ಜೋರಾಗುತ್ತಿತ್ತು. ಹೋದ ವರ್ಷ ಅವನು ಸ್ಟೋರ್ ರೂಮಿನ ಮೆಟ್ಟಿಲಲ್ಲಿ, ಇರುವ ಎರಡೇ ಮೆಟ್ಟಿಲಲ್ಲಿ, ಜಾರಿ ಕಾಲು ಉಳುಕಿಸಿಕೊಂಡ. ಊರಿಗೆ ಹೋದಾಗ ಎರಡು ಮೆಟ್ಟಿಲು ಎನ್ನಲು ನಾಚಿಕೆಯಾಗಿ ಗಾಳಿಯಂತ್ರದ ಕಂಬದಿಂದ ಬಿದ್ದೆ ಎಂದ. ಎಷ್ಟು ಎತ್ತರ ಎಂದು ಯಾರೋ ಕೇಳಿದರು. ಬಾಯಿಗೆ ಬಂದಷ್ಟು ಎತ್ತರ ಹೇಳಿದ. ಬೀಳುವಾಗ ಕೆಳಗೆ ಹದ್ದುಗಳು ಹಾರುತ್ತಿದ್ದುದು ಕಂಡಿತು ಎಂದೂ ಸೇರಿಸಿದ. ಪಾಲಮ್ಮ ಅಲ್ಲಿಂದಲೇ ಎದ್ದು ಮಾರಮ್ಮನ ಗುಡಿಗೆ ಹೋಗಿ, ಮಗ ಮತ್ತೆ ಆ ಕಂಬ ಹತ್ತಿ ಇಳಿಯುವ ತನಕ ಬಾಡು ಮುಟ್ಟುವುದಿಲ್ಲ ಎಂದು ಕೈಮುಗಿದು ಬಂದಳು. ಸ್ಟೋರ್‌ಕೀಪರ್ ಕಂಬ ಯಾಕೆ ಹತ್ತುತ್ತಾನೆ? ಹಬ್ಬ ಬಂತು, ಮದುವೆ ಬಂತು, ಎಲ್ಲರೂ ಬಾಡೂಟಕ್ಕೆ ಕೂತಾಗ ಅವಳೊಬ್ಬಳು ಮೂಲೆಯಲ್ಲಿ ಮುದ್ದೆಗೆ ಮಜ್ಜಿಗೆ ಕಲಸಿಕೊಂಡಳು. ಅವಳ ಕೈಬಳೆಗಳು ಮೊಣಕೈಯವರೆಗೆ ಜಾರತೊಡಗಿದ್ದನ್ನು ನೋಡಲಾಗದೆ ಅವನು ಈಚೆಗೆ ಇನ್ನೊಂದು ಸುಳ್ಳು ಹೇಳಿದ: ಹತ್ತಿದೆ ಕಣವ್ವ, ತುದೀಲಿ ನಿಂತು ನಮ್ಮ ಹಟ್ಟಿ ಕಡೆ ಕೈ ಬೀಸಿದೆ. "ಅದಕ್ಕೇ ಅವತ್ತು ಮಧ್ಯಾಹ್ನ ನನಗೆ ಬಿಕ್ಕಳಿಕೆ ಬಂದಿದ್ದು" ಎಂದಳು ಪಾಲಮ್ಮ. ಬಡಾಯಿ ಅವನಿಗೆ ಆಕಾಶದಿಂದ ಬಿದ್ದದ್ದೇನೂ ಅಲ್ಲ.

ಸ್ನಾನ ಮಾಡದೆ ಅಂಗಿ ಸಿಕ್ಕಿಸಿಕೊಂಡು ಲಾರಿ ಬಾಡಿ ಕಟ್ಟುವ ಶೆಡ್ಡುಗಳ ಕಡೆ ಸೈಕಲ್ ತುಳಿದ. ಹೊಸ ಜಾಲರಿ ಕಟ್ಟಿಸಿಬಿಟ್ಟರೆ ಮುಗಿಯಿತಲ್ಲ. ಅಷ್ಟೂ ಶೆಡ್ಡುಗಳಲ್ಲಿ ತೆರೆದಿದ್ದದ್ದು ಒಂದು, ಅಲ್ಲಿ ಕಣ್ಣಿಗೆ ಕಪ್ಪು ಕನ್ನಡಕ ಏರಿಸಿಕೊಂಡು ಕೂತಿದ್ದವನು ಇವನು ಗಾಳಿಯಲ್ಲಿ ಬರೆದ ದುಂಡು ಆಕಾರವನ್ನು ನೋಡಿ, "ಬಾವಿ ಮೇಲೆ ಮುಚ್ಚಾಕಾ?" ಎಂದ. ಅಲ್ಲ, ಖಂಡ ಸುಡೋಕೆ. "ಕರೆಂಟಿಲ್ಲ ಭಾಯ್, ಸಂಜೀಗೆ ಬರ್ರಿ." ವಾಪಸು ಬರುವಾಗ ತಲೆಯಲ್ಲಿ ಹೊಸ ಯೋಚನೆ ಬಂತು. ಸ್ವಚ್ಛ ಮಾಡುವುದಕ್ಕಿಂತ ಕೆಡಿಸುವುದು ಸುಲಭ. ಒಲೆ ಹೊತ್ತಲೇ ಇಲ್ಲ ಎಂದರೆ ಯಾರೇನು ಮಾಡುತ್ತಾರೆ? ಒಳಗೆ ಗ್ಯಾಸಿನ ಮೇಲೆ ಸಾರು ಮಾಡಿ ಬಡಿಸಬಹುದು. ನೆಟ್ಟಗೆ ತಾರಸಿ ಹತ್ತಿ ಇದ್ದಿಲ ಚೀಲಕ್ಕೆ ಎರಡು ಕೊಡ ನೀರು ಸುರಿದ. ತನ್ನ ಜಾಣತನಕ್ಕೆ ತಾನೇ ಬೆರಗಾಗಿ, ಬೆಳಗ್ಗೆಯಿಂದ ಮೊದಲ ಸಲ ಶಿಳ್ಳೆ ಹಾಕುತ್ತ ಸ್ನಾನಕ್ಕಿಳಿದ. ಚಳ್ಳಕೆರೆಯ ಬಿಸಿಲನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಸುನಿತಾ ಒದ್ದೆ ಇದ್ದಿಲನ್ನು ತಾರಸಿಯ ಮೇಲೆ ಹಪ್ಪಳದ ಹಾಗೆ ಹರವಿದ್ದಳು, ಅದು ಒಣಗಿ ಗಿಲಿಗಿಲಿ ಸದ್ದು ಮಾಡುತ್ತಿತ್ತು. "ಯಾರೋ ನೀರು ಚೆಲ್ಲಿದ್ರು. ಒಣಗಿಸಿಟ್ಟೀನಿ, ನೀವು ಸಿಟ್ಟು ಮಾಡ್ಕಬ್ಯಾಡ್ರಿ," ಎಂದಳು.

ಪಾಲಮ್ಮ ಬಂದಳು, ಜೊತೆಗೆ ಅವಳ ಅಣ್ಣ ಚಿನ್ನಯ್ಯ, ಅಂದರೆ ಮಾರುತೇಶನಿಗೆ ಸೋದರಮಾವನೂ ಹೌದು ಸುನಿತಾಳ ಅಪ್ಪನೂ ಹೌದು, ಕೈಯಲ್ಲೊಂದು ದೊಡ್ಡ ಟಿಫನ್ ಕ್ಯಾರಿಯರ್ ಹಿಡಿದು ಬಂದ. ಒಳಗೆ ಅವನದೇ ಮಂದೆಯ ಟಗರಿನ ತೊಡೆಯ ತುಂಡುಗಳು. ಪಾಲಮ್ಮ ಒಲೆಯ ಸುತ್ತ ಒಂದು ಸುತ್ತು ಬಂದು, ಮುಚ್ಚಳದ ಬೆನ್ನು ಸವರಿ, ಗಂಡಿನ ಮನೆ ನೋಡಲು ಬಂದವಳ ಗತ್ತಿನಲ್ಲಿ ಕೂತಳು. ಮಾರುತೇಶ ನೆಲ ನೋಡುತ್ತ ಹೇಳಿದ: "ಅವ್ವಾ, ಒಲೆ ಯಾಕೋ ಸರಿಯಿಲ್ಲ. ಸಾರು ಮಾಡಾನ. ನಿನ್ನ ಹಲ್ಲಿಗೂ ಅದೇ ಮೆತ್ತಗೆ."

"ನನ್ನ ಹಲ್ಲಿಗೇನಾಗೈತೆ? ಸಾರು ತಿನ್ನಾಕೆ ಇಲ್ಲೀಗಂಟ ಬರಬೇಕಿತ್ತಾ? ಹಟ್ಟೀಲಿ ಎಲ್ಲಾರಿಗೂ ಹೇಳೀನಿ, ನನ್ನ ಮಗನ ಒಲೇಲಿ ಹೊಗೆ ಬರಲ್ಲ, ಖಂಡ ತಾನೇ ಮಗ್ಗುಲಾಗ್ತೈತೆ ಅಂತ."

"ಏಮ್ರಾ ಮಾರುತೀ," ಎಂದ ಚಿನ್ನಯ್ಯ, "ಸುಡಾಕೆ ಬರತೈತೋ ಬರೀ ಬಾಯಿ ಬಿಡಾಕೆ ಬರತೈತೋ? ಒಲೆ ಹೊತ್ತದಿದ್ರೆ ಹೇಳು, ಮೂರು ಕಲ್ಲು ಇಟ್ಟು ನಾನೇ ಸುಡ್ತೀನಿ."

ಮೂರು ಕಲ್ಲು! ಆ ಮಾತು ಕಿವಿಗೆ ಬಿದ್ದಾಗ ದೇವರೇ ಬಾಗಿಲು ತೆರೆದಂತಾಯಿತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಕಲ್ಲಿನ ಮೇಲೆ ಕೋಳಿ ಕೂತಿಲ್ಲ. ಹೂಂ ಎನ್ನಲು ಬಾಯಿ ತೆರೆದ. ಆದರೆ ಮಾವನ ಮೀಸೆಯ ಕೆಳಗೆ ಆಗಲೇ ಹೊರಡಲು ಸಿದ್ಧವಾಗಿ ಕೂತಿದ್ದ ನಗು ಕಂಡಿತು, ಬಾಯಿಂದ ಬಂದದ್ದು, "ಕಲ್ಲು ಯಾಕೆ ಮಾವ, ನಿಮ್ಮ ಕಾಲದ್ದು ಬಿಡ್ರಿ. ನೋಡ್ತಾ ಇರ್ರಿ," ಎಂಬುದು. ಅಂದವನೇ ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಂಡ. ಹೊತ್ತದಿರಲಿ ಎಂದು ಮಾರಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದು, ಗಾಳಿಕಿಂಡಿ ಮುಚ್ಚಿ, ಮುಚ್ಚಳವನ್ನು ಅರ್ಧ ಮಾತ್ರ ಎತ್ತಿ, ಸೀಮೆಎಣ್ಣೆ ಹಾಕದೆ ಬರೀ ಕಡ್ಡಿ ಗೀರಿ ಎಸೆದ. ಅವನು ಬೆವರಿಳಿಸಿ ಬೇಡಿದಾಗ ಕಣ್ಣು ಬಿಡದಿದ್ದ ಆ ಮೊಂಡು ಒಲೆ ಇವತ್ತು ಒಂದೇ ಕಡ್ಡಿಗೆ, ಬೀಸಣಿಗೆಯ ಒಂದೂ ಬೀಸಿಲ್ಲದೆ, ಹುಬ್ಬೇರಿಸುವಂತೆ ಹೊತ್ತಿಕೊಂಡಿತು. ಇದ್ದಿಲು ಒಂದಕ್ಕೊಂದು ಪಿಸುಗುಟ್ಟಿ ಕೆಂಪಾಯಿತು, ಕೆಂಪಿನ ಮೇಲೆ ಬಿಳಿ ಬೂದಿಯ ತೆಳು ಪದರ ಕೂತಿತು. "ಆಹಾ" ಎಂದಳು ಪಾಲಮ್ಮ. ಬಿಸಿಯ ಮುಳ್ಳು ನೆಟ್ಟಗೆ ನಿಂತಿತು. ಮತ್ತು ಆ ಬಿಸಿಗೆ, ಅವನು ಉಜ್ಜಲು ಮರೆತೇಹೋಗಿದ್ದ ಮುಚ್ಚಳದ ಒಳಮೈಯಲ್ಲಿ, ಹೋದ ತಿಂಗಳ ಜಿಡ್ಡು ಕರಗಿ ಹನಿಗಟ್ಟತೊಡಗಿತು.

ಅವನು ಮುಚ್ಚಳವನ್ನು ಮುಟ್ಟಲೂ ಆಗದೆ ಬಿಡಲೂ ಆಗದೆ ನಿಂತ. ಇಡೀ ಬೆಳಗು ಜಾಲರಿಯನ್ನು ಉಜ್ಜಿದ್ದ. ಮೇಲೆ ತಲೆಯೆತ್ತಿ ನೋಡಿರಲಿಲ್ಲ. ಒಂದು ಹನಿ ಜಾರಿ ಸೊಂಯ್ ಎಂದು ಕೆಂಡಕ್ಕೆ ಬಿತ್ತು. ಆ ಹೊಗೆ ಅವನಿಗೆ ಮಾತ್ರ ಗೊತ್ತಿದ್ದ ಹೊಗೆ. ಅಷ್ಟರಲ್ಲಿ ಕೆಂಚಣ್ಣ, ಕರೆಯದಿದ್ದರೂ ವಾಸನೆಯೇ ಕರೆಯೋಲೆ ಕಳಿಸಿದಂತೆ, ಮೆಟ್ಟಿಲು ಹತ್ತಿ ಬಂದ.

"ಬಾರಪ್ಪ ಕೆಂಚಣ್ಣ, ಕೂತ್ಕ. ನನ್ನ ಮಗನ ಕೈರುಚಿ ನೋಡೀಯಂತೆ," ಎಂದಳು ಪಾಲಮ್ಮ.

"ನೋಡಿಲ್ವಾ ಅಮ್ಮ? ಹೋದ ಸಲ ಏನು ಸುಟ್ಟಿದ್ದ ಅಂತೀರಿ! ಬೆರಳು ಬಿಟ್ಟಿದ್ದೇ ಹೆಚ್ಚು."

"ಹೋದ ಸಲ ಏನು ಸುಟ್ಟಿದ್ನಪ್ಪ?"

ಕೆಂಚಣ್ಣ ಮಾರುತೇಶನ ಮುಖ ನೋಡಿದ. ಆ ಮುಖದಲ್ಲಿ ಏನು ಕಂಡನೋ, ಅವನ ಕಣ್ಣು ಮೊದಲು ಕಿರಿದಾಗಿ ಆಮೇಲೆ ಅಗಲವಾಯಿತು. "ಜೋಳ, ಅಮ್ಮ. ಮುಸುಕಿನ ಜೋಳ," ಎಂದು, ಇನ್ನು ಜೀವಮಾನವಿಡೀ ಇದರ ಬಡ್ಡಿ ತಿನ್ನುವವನಂತೆ ಮೀಸೆ ತಿರುವಿಕೊಂಡು ಕೂತ.

ಚಿನ್ನಯ್ಯ ತಾನೇ ಖಂಡದ ತುಂಡುಗಳನ್ನು ಜಾಲರಿಯ ಮೇಲೆ ಜೋಡಿಸಿದ. ಪಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೌರಸಮುದ್ರದ ದಿಕ್ಕಿಗೆ ತಿರುಗಿ ಕೈಮುಗಿದು ಕಣ್ಣು ಮುಚ್ಚಿದಳು. ಅವಳ ಬಳೆಗಳು ಮೊಣಕೈಯವರೆಗೆ ಜಾರಿದವು. ಮಾರುತೇಶ ಇಕ್ಕಳ ಹಿಡಿದು ನೋಡುತ್ತ ನಿಂತ. ಹೇಳಿಬಿಡು. ಹೇಗೆ ಹೇಳುವುದು? ಹೇಳಿದರೆ ಕೋಳಿ ಬರುತ್ತದೆ, ಕೋಳಿಯ ಹಿಂದೆ ಆ ರೆಕ್ಕೆ ಬರುತ್ತದೆ, ಕಂಬ ಬರುತ್ತದೆ, ಕಂಬದ ಬುಡದಲ್ಲಿ ಎರಡು ಮೆಟ್ಟಿಲು ಬರುತ್ತವೆ, ಒಂದು ವರ್ಷದ ಮುದ್ದೆ ಮಜ್ಜಿಗೆ ಬರುತ್ತದೆ. ಒಂದು ಎಳೆ ಎಳೆದರೆ ಇಡೀ ಅವನೇ ಬಿಚ್ಚಿಹೋಗುತ್ತಾನೆ. ಆಗ ಖಂಡದ ಕೆಳಮೈ ಹದವಾಗಿ ಕಂದಿ, ಮಗ್ಗುಲು ಬದಲಿಸು ಎಂದು ಕರೆಯಿತು. ಅವನ ಕೈ ತಾನಾಗೇ ಮುಂದಕ್ಕೆ ಹೋಯಿತು. ಅವನು ಅದನ್ನು ಹಿಂದಕ್ಕೆಳೆದುಕೊಂಡ. ತಿರುವಲಿಲ್ಲ.

"ಮಗ್ಗುಲಾಕೋ," ಎಂದ ಚಿನ್ನಯ್ಯ. ಅವನು ಕೇಳಿಸದವನಂತೆ, ಜಾಲರಿಗೆ ಸವರಲು ಇಟ್ಟಿದ್ದ ಎಣ್ಣೆ ತಂಬಿಗೆ ಎತ್ತಿ ಕೆಂಡದ ಮೇಲೆ ಧಾರಾಳವಾಗಿ ಸುರಿದ. ಚಳ್ಳಕೆರೆಯ ಎಣ್ಣೆಯ ಉರಿ ಎದ್ದ ಎತ್ತರಕ್ಕೆ ತಾರಸಿಯ ತಂತಿಯ ಮೇಲಿದ್ದ ಕಾಗೆಗಳು ಹಿರಿಯೂರಿಗೆ ಹೋಗಿ ಕೂತವು. ಖಂಡ ಉರಿಯಿತು, ಚಿಟಿಗುಟ್ಟಿತು, ಕಪ್ಪಾಯಿತು. "ಲೇ ಲೇ ಲೇ" ಎಂದು ಕೆಂಚಣ್ಣ ಎದ್ದ. "ರೀ!" ಎಂದು ಸುನಿತಾ ಕೂಗಿದಳು. ಉರಿ ಇಳಿದಾಗ ಜಾಲರಿಯ ಮೇಲೆ ಉಳಿದದ್ದು ಇದ್ದಿಲೋ ಟಗರೋ ಹೇಳಲು ಪಂಚಾಯಿತಿ ಸೇರಿಸಬೇಕಾಗಿತ್ತು.

"ಭೇಷ್," ಎಂದ ಚಿನ್ನಯ್ಯ. "ನನ್ನ ಟಗರು ಬದುಕಿದ್ದಾಗ್ಲೂ ಇಷ್ಟು ಕರ್ರಗಿರಲಿಲ್ಲ. ಜರ್ಮನೀಲಿ ಹೆಣ ಹಿಂಗೇ ಸುಡ್ತಾರೇನ್ರಾ?" ಕೆಂಚಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಪಕ್ಕದ ತಾರಸಿಯವರೂ ನಕ್ಕರು. ಸುನಿತಾ ಮುಖ ಆಚೆ ತಿರುಗಿಸಿಕೊಂಡಳು. ಆ ನಗು ಮೈಮೇಲೆ ಬಿದ್ದಾಗ ಉರಿಯಬೇಕಿತ್ತು, ಉರಿಯಲಿಲ್ಲ. ಬೇಸಿಗೆಯಲ್ಲಿ ಬಾವಿಗಿಳಿದಂತೆ ತಣ್ಣಗಾಯಿತು. ನಗಲಿ, ಇನ್ನೂ ನಗಲಿ, ಮೊಳಕಾಲ್ಮೂರಿಗೆ ಕೇಳುವಂತೆ ನಗಲಿ. ಹುಟ್ಟಿದಾಗಿನಿಂದ ಬಾಯಿಗೆ ಬಾರದಿದ್ದ ಮಾತೊಂದು ಅವನ ಬಾಯಿಗೆ ಬಂತು: "ನನಗೆ ಸುಡಾಕೆ ಬರಲ್ಲ ಮಾವ. ಯಾವತ್ತೂ ಬಂದಿಲ್ಲ. ಎಲ್ಲಾ ತೆಗೆದು ಬಿಸಾಕಾನ. ಅವ್ವಾ, ಒಳಗೆ ನಡಿ, ಸುನಿತಾ ಬೇರೆ ಖಂಡ ತರಿಸಿ ಸಾರು ಮಾಡ್ತಾಳೆ."

ಪಾಲಮ್ಮ ಏಳಲಿಲ್ಲ. ಅವಳು ನಗುತ್ತಿದ್ದವರನ್ನು ಒಬ್ಬೊಬ್ಬರಾಗಿ ನೋಡಿದಳು. ಆಮೇಲೆ ತಲೆ ತಗ್ಗಿಸಿ ನಿಂತ ಮಗನನ್ನು ನೋಡಿದಳು. ಹಾಗೆ ತಲೆ ತಗ್ಗಿಸಿದ ಮಾರುತೇಶನನ್ನು ಅವಳು ಇದುವರೆಗೆ ಕಂಡವಳಲ್ಲ. ಎದ್ದು ಬಂದು, ಅವನು ತಡೆಯುವಷ್ಟರಲ್ಲಿ, ಬರಿಗೈಯಿಂದಲೇ ಜಾಲರಿಯ ಮೇಲಿನ ತುಂಡೊಂದನ್ನು ಎತ್ತಿ, ಅಂಗೈಯಿಂದ ಅಂಗೈಗೆ ಹಾರಿಸಿ, ಉಫ್ ಎಂದು ಬೂದಿ ಊದಿದಳು.

"ಬ್ಯಾಡವ್ವಾ."

"ಸುಮ್ಕಿರು."

"ಬ್ಯಾಡ ಕಣವ್ವ, ಅದು..."

"ಸುಮ್ಕಿರಪ್ಪ ನೀನು. ನಗೋರು ನಗ್ಲಿ." ಬಾಯಿಗಿಟ್ಟುಕೊಂಡಳು. ಕಪ್ಪು ಸಿಪ್ಪೆ ಹಲ್ಲಿನಡಿ ಕರಕರ ಅಂದದ್ದು ಎಲ್ಲರಿಗೂ ಕೇಳಿಸಿತು. ಅಗಿದಳು; ಕಣ್ಣಲ್ಲಿ ನೀರು ಬಂತು; ನುಂಗಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಣ್ಣನ ಕಡೆ ತಿರುಗಿದಳು: "ಏನಣ್ಣಾ ನಗ್ತೀಯ? ಮ್ಯಾಲೆ ಸೀದಂಗೆ ಕಾಣ್ತೈತೆ, ಒಳಗೆ ಬೆಣ್ಣೆ ಆಗೈತೆ. ಇದು ಹಿಂಗೇ ಸುಡೋ ಒಲೆ. ನಿನಗೇನು ಗೊತ್ತು? ನನ್ನ ಮಗ ಆ ಕಂಬದ ತುದಿ ಹತ್ತಿ ಬಂದೋನು, ಅವನಿಗೆ ಒಂದು ತುಂಡು ಖಂಡ ಸುಡಾಕೆ ಬರಲ್ವಾ?"

ಯಾರೂ ನಗಲಿಲ್ಲ. ಕೆಂಚಣ್ಣ ತನ್ನ ಚಪ್ಪಲಿ ನೋಡಿಕೊಳ್ಳತೊಡಗಿದ. ಮುಚ್ಚಳದ ಒಳಗಿಂದ ಇನ್ನೊಂದು ಹನಿ ಜಾರಿ ಕೆಂಡಕ್ಕೆ ಬಿದ್ದು ಸೊಂಯ್ ಎಂದಿತು.

ಪಾಲಮ್ಮ ತಟ್ಟೆಯನ್ನು ಮಗನ ಮುಂದೆ ಹಿಡಿದಳು. "ಇನ್ನೊಂದು ಹಾಕು."

ಮಾರುತೇಶ ಇಕ್ಕಳ ಎತ್ತಿಕೊಂಡ. ಅವನ ಕಣ್ಣಿಗೆ ಹೊಗೆ ತುಂಬಿ ಏನೂ ಕಾಣುತ್ತಿರಲಿಲ್ಲ. ಆದರೂ ಜಾಲರಿಯ ಮೇಲೆ ಬಗ್ಗಿ, ತುಂಡುಗಳನ್ನು ಒಂದೊಂದಾಗಿ ತಿರುವಿ ಹಾಕುತ್ತ, ಅವಳಿಗೆಂದು ಕಡಿಮೆ ಸೀದದ್ದನ್ನು ಹುಡುಕತೊಡಗಿದ.